ಒಂದು ಮತ, ಅಳಿಸಿಹೋದ ಒಂದು ಕ್ಷೇತ್ರ

ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿ ಸಂತೇಮರಹಳ್ಳಿ ಎಂಬ ಹೆಸರು ಇಂದು ಇಲ್ಲ. ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲಗಳತ್ತ ಹೋಗುವ ಹಾದಿಯಲ್ಲಿ ಆ ಊರು ಈಗಲೂ ಸಿಗುತ್ತದೆ. ಆದರೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಆ ಹೆಸರಿನ ಕ್ಷೇತ್ರ 2008ರಲ್ಲಿ ನಕಾಶೆಯಿಂದ ಮರೆಯಾಯಿತು. ಅದಕ್ಕೆ ನಾಲ್ಕು ವರ್ಷ ಮೊದಲು ನಡೆದ ತನ್ನ ಕೊನೆಯ ಸಾರ್ವತ್ರಿಕ ಚುನಾವಣೆಯಲ್ಲಿ ಈ ಕ್ಷೇತ್ರ ದೇಶದ ಚುನಾವಣಾ ಇತಿಹಾಸದಲ್ಲಿ ಒಂದು ಸಾಲನ್ನು ಬರೆದುಹೋಯಿತು.

2004ರ ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು ಬಂದವು. ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ ಬಂದದ್ದು 40,751. ಅಂತರ ಒಂದು. ಸೋತ ಅಭ್ಯರ್ಥಿಯ ಕಾರಿನ ಚಾಲಕನಿಗೆ ಅಂದು ಮತಗಟ್ಟೆಗೆ ಹೋಗಲು ಬಿಡುವೇ ಸಿಗಲಿಲ್ಲವೆಂಬ ಮಾತು ಅಂದಿನಿಂದಲೂ ಪ್ರಚಲಿತದಲ್ಲಿದೆ. ಪ್ರತಿ ಚುನಾವಣೆಯ ಹೊಸ್ತಿಲಲ್ಲಿಯೂ ಈ ಕಥೆ ಪತ್ರಿಕೆಗಳಲ್ಲಿ ಮರುಜೀವ ಪಡೆಯುತ್ತದೆ. ಮತದಾನ ಜಾಗೃತಿಯ ಭಾಷಣಗಳಲ್ಲಿ ಉದಾಹರಣೆಯಾಗುತ್ತದೆ. ‘ಪ್ರತಿಯೊಂದು ಮತವೂ ಅಮೂಲ್ಯ’ ಎಂಬ ನೀತಿವಾಕ್ಯದೊಂದಿಗೆ ಕಥೆ ಮುಗಿಯುತ್ತದೆ.

ನೀತಿವಾಕ್ಯ ಸುಳ್ಳಲ್ಲ. ಆದರೆ ಸಂತೇಮರಹಳ್ಳಿ ನಮಗೆ ಕಲಿಸಬೇಕಾದ ಪಾಠದಲ್ಲಿ ಅದು ಅರ್ಧ ಮಾತ್ರ. ಒಂದು ಮತದ ಬೆಲೆ ಎಷ್ಟೆಂಬುದು ಮತದಾನದ ದಿನ ನಿರ್ಧಾರವಾಗುವುದಕ್ಕಿಂತ ಹೆಚ್ಚಾಗಿ ಅದಕ್ಕೂ ಬಹಳ ಮೊದಲೇ ನಿರ್ಧಾರವಾಗಿರುತ್ತದೆ. ಕ್ಷೇತ್ರದ ಗಡಿಗೆರೆ ಎಲ್ಲಿ ಹಾಯಬೇಕು, ಮತದಾರರ ಪಟ್ಟಿಯಲ್ಲಿ ಯಾರ ಹೆಸರು ಇರಬೇಕು ಎಂಬ ಎರಡು ತೀರ್ಮಾನಗಳಲ್ಲಿ ಆ ಬೆಲೆ ಅಡಗಿದೆ. ಚುನಾವಣೆಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ನಮ್ಮ ವಿದ್ಯಾವಂತ ವರ್ಗ ಈ ಎರಡು ತೀರ್ಮಾನಗಳ ಸಮಯದಲ್ಲಿ ಮಾತ್ರ ಸಾಮಾನ್ಯವಾಗಿ ಗೈರುಹಾಜರಾಗಿರುತ್ತದೆ.

ಲೆಕ್ಕ ಹೇಳುವುದು, ಜನ ಮಾಡುವುದು

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಆಂಥೊನಿ ಡೌನ್ಸ್ ಎಂಬ ಅಮೆರಿಕದ ವಿದ್ವಾಂಸ 1957ರಲ್ಲಿ ಪ್ರಕಟಿಸಿದ ಒಂದು ಗ್ರಂಥವನ್ನು ಓದಬೇಕಾಗಿತ್ತು. ಅವನ ತರ್ಕ ಸರಳ. ಲಕ್ಷಾಂತರ ಮತದಾರರಿರುವಲ್ಲಿ ಒಬ್ಬನ ಮತದಿಂದ ಫಲಿತಾಂಶ ಬದಲಾಗುವ ಸಂಭವ ಶೂನ್ಯಕ್ಕೆ ಸಮೀಪ. ಮತಗಟ್ಟೆಗೆ ಹೋಗುವ ಶ್ರಮ ಮತ್ತು ಸಮಯ ಮಾತ್ರ ನಿಶ್ಚಿತ. ಆದ್ದರಿಂದ ಲಾಭನಷ್ಟವನ್ನೇ ನೋಡುವ ಮನುಷ್ಯ ಮನೆಯಲ್ಲಿ ಕುಳಿತುಕೊಳ್ಳಬೇಕು. ಆದರೂ ಜನ ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ. ಏಕೆ ನಿಲ್ಲುತ್ತಾರೆಂಬುದು ಅರ್ಥಶಾಸ್ತ್ರಜ್ಞರಿಗೆ ಬಹುಕಾಲದಿಂದ ತಲೆನೋವಾಗಿರುವ ಒಗಟು.

ಈ ಒಗಟಿನ ಉತ್ತರ ನನಗೆ ಪುಸ್ತಕಗಳಿಗಿಂತ ಮತಗಟ್ಟೆಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಸಿಕ್ಕಿತು. ಕಂದಾಯ ಇಲಾಖೆಯ ಸೇವೆಯಲ್ಲಿ ಹಲವು ಚುನಾವಣೆಗಳನ್ನು ನಡೆಸಿದ್ದೇನೆ. ಮೊದಲು ಸಹಾಯಕ ಚುನಾವಣಾಧಿಕಾರಿಯಾಗಿ, ಅನಂತರ ಚುನಾವಣಾಧಿಕಾರಿಯಾಗಿ. ಬಿಸಿಲು ಏರುವ ಮುನ್ನವೇ ಬಂದು ನಿಲ್ಲುವ ಕೃಷಿ ಕಾರ್ಮಿಕ ಮಹಿಳೆಯರನ್ನು ಕಂಡಿದ್ದೇನೆ. ಅಂದಿನ ಕೂಲಿಯನ್ನು ಬಿಟ್ಟು ಬಂದ ಅವರು ಯಾವ ಸಂಭವನೀಯತೆಯನ್ನೂ ಲೆಕ್ಕ ಹಾಕಿರಲಿಲ್ಲ. ಪಟ್ಟಿಯಲ್ಲಿ ತಮ್ಮ ಹೆಸರಿದೆ, ಅದನ್ನು ಒಬ್ಬ ಸರ್ಕಾರಿ ನೌಕರ ಗಟ್ಟಿಯಾಗಿ ಓದುತ್ತಾನೆ, ಜಮೀನ್ದಾರನ ಬೆರಳಿಗೆ ಹಚ್ಚಿದ ಶಾಯಿಯನ್ನೇ ತಮ್ಮ ಬೆರಳಿಗೂ ಹಚ್ಚುತ್ತಾರೆ ಎಂಬುದು ಅವರಿಗೆ ದೊಡ್ಡ ಸಂಗತಿಯಾಗಿತ್ತು. ಡೌನ್ಸ್‌ನ ಲೆಕ್ಕದಲ್ಲಿ ಈ ಶಾಯಿಯ ಬೆಲೆ ಸುಲಭವಾಗಿ ಹಿಡಿಸುವುದಿಲ್ಲ.

ಅತ್ಯಲ್ಪ ಸಂಭವವೂ ಕೆಲವೊಮ್ಮೆ ಘಟಿಸಿಬಿಡುತ್ತದೆ. ಸಂತೇಮರಹಳ್ಳಿಯ ನಂತರ 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಅಂದು ಕಾಂಗ್ರೆಸ್ಸಿನ ರಾಜ್ಯಾಧ್ಯಕ್ಷರಾಗಿದ್ದ ಸಿ.ಪಿ. ಜೋಶಿ ಬಿಜೆಪಿಯ ಕಲ್ಯಾಣ ಸಿಂಗ್ ಚೌಹಾಣ್ ಎದುರು ಒಂದೇ ಮತದಿಂದ ಸೋತರು. ಆ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನಮ್ಮ ಬೆಂಗಳೂರಿನ ಜಯನಗರದಲ್ಲಿ 2023ರ ಮೇ 13ರ ತಡರಾತ್ರಿ ಮರು ಎಣಿಕೆಯ ಬಳಿಕ ಬಿಜೆಪಿಯ ಸಿ.ಕೆ. ರಾಮಮೂರ್ತಿ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರಿಗಿಂತ 16 ಮತ ಮುಂದಿದ್ದಾರೆಂದು ಘೋಷಣೆಯಾಯಿತು. ಹದಿನಾರು ಮತವೆಂದರೆ ಆ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿಯ ಜನ. ಮತಗಳು ಸಮಸಮವಾದರೆ ಏನು ಗತಿ ಎಂಬುದನ್ನೂ ಕಾನೂನು ಹೇಳಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 65ನೇ ಕಲಂ ಪ್ರಕಾರ ಚುನಾವಣಾಧಿಕಾರಿ ಚೀಟಿ ಎತ್ತಬೇಕು. ಚೀಟಿ ಯಾರ ಪರವಾಗಿ ಬಂತೋ ಅವರಿಗೆ ಒಂದು ಹೆಚ್ಚುವರಿ ಮತ ಬಂದಂತೆ ಪರಿಗಣಿಸಬೇಕು. ಸಂತೇಮರಹಳ್ಳಿಯ ಚಾಲಕ ಮತ ಹಾಕಿದ್ದನೆಂದು, ಅದೂ ತನ್ನ ಯಜಮಾನನಿಗೇ ಹಾಕಿದ್ದನೆಂದು ಭಾವಿಸಿದರೂ, ಕೃಷ್ಣಮೂರ್ತಿಯವರ ಗೆಲುವು ಖಚಿತವಾಗುತ್ತಿರಲಿಲ್ಲ. ಅದೃಷ್ಟದ ಚೀಟಿಯವರೆಗೆ ಅವರು ತಲುಪುತ್ತಿದ್ದರು, ಅಷ್ಟೆ.

ಚಾಲಕನ ವಿಷಯದಲ್ಲಿ ಇನ್ನೊಂದು ಮಾತು. ಚುನಾವಣಾ ಕೆಲಸಕ್ಕೆ ಸರ್ಕಾರ ವಶಕ್ಕೆ ಪಡೆಯುವ ಬಸ್ಸು, ಜೀಪುಗಳ ಚಾಲಕರಿಗೆ ಅಂಚೆ ಮತದ ಅಥವಾ ಚುನಾವಣಾ ಕರ್ತವ್ಯ ಪ್ರಮಾಣಪತ್ರದ ಸೌಲಭ್ಯವಿದೆ. ಅವರ ಪಟ್ಟಿ ಮಾಡಿ ಅರ್ಜಿ ಪಡೆಯುವುದು ನಮ್ಮ ಕಚೇರಿಗಳ ನಿತ್ಯದ ಕೆಲಸವಾಗಿತ್ತು. ಖಾಸಗಿ ಯಜಮಾನರ ಬಳಿ ದುಡಿಯುವವರಿಗೆ ಅಂತಹ ಪಟ್ಟಿ ಇಲ್ಲ. ಅವರಿಗಿರುವುದು 1996ರಲ್ಲಿ ಸೇರಿಸಿದ 135ಬಿ ಕಲಂ. ಮತದಾನದ ದಿನ ಸಂಬಳಸಹಿತ ರಜೆ ಕೊಡಬೇಕೆಂದು ಅದು ಹೇಳುತ್ತದೆ. ತಪ್ಪಿದ ಯಜಮಾನನಿಗೆ ಐನೂರು ರೂಪಾಯಿಯವರೆಗೆ ದಂಡ. ಮನೆಗೆಲಸದವರು, ಕಾವಲುಗಾರರು, ಹೋಟೆಲ್ ಮಾಣಿಗಳು, ಚಾಲಕರು ಈ ಕಲಂನ ಹೆಸರನ್ನಾದರೂ ಕೇಳಿದ್ದಾರೆಯೇ ಎಂದು ಓದುಗರು ತಮ್ಮ ಮನೆಯಲ್ಲೇ ವಿಚಾರಿಸಿ ನೋಡಬಹುದು.

ಇಬ್ಬರ ದಾರಿ

ಒಂದು ಮತ ಮುಂದೆ ಏನು ಮಾಡಿತು? 2004ರ ವಿಧಾನಸಭೆ ಅತಂತ್ರವಾಗಿತ್ತು. ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜೆಡಿಎಸ್‌ಗೆ 58 ಸ್ಥಾನಗಳು. ಸಂತೇಮರಹಳ್ಳಿಯಲ್ಲಿ ಒಂದೊಂದು ಮತಕ್ಕೂ ಹೋರಾಡಿದ್ದ ಎರಡು ಪಕ್ಷಗಳು ಬೆಂಗಳೂರಿನಲ್ಲಿ ಕೈಜೋಡಿಸಿ ಧರ್ಮಸಿಂಗ್ ನೇತೃತ್ವದ ಸಮ್ಮಿಶ್ರ ಸರ್ಕಾರ ರಚಿಸಿದವು. ಹಳ್ಳಿಯ ಕಾರ್ಯಕರ್ತರು ಹೊತ್ತ ವೈರ ವಿಧಾನಸೌಧದ ಮೆಟ್ಟಿಲುಗಳಲ್ಲಿ ಕರಗಿದ್ದು ಇದೇ ಮೊದಲೂ ಅಲ್ಲ, ಕೊನೆಯೂ ಅಲ್ಲ.

ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲದಿಂದ ಗೆದ್ದರು. 2009ರಲ್ಲಿ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ ಅವರ ಎದುರಾಳಿಯಾಗಿ ಮತ್ತೆ ನಿಂತವರು, ಈ ಬಾರಿ ಬಿಜೆಪಿಯಿಂದ, ಅದೇ ಕೃಷ್ಣಮೂರ್ತಿ. ಅಂತರ 4,002 ಮತ. 2014ರಲ್ಲಿ ಅದೇ ಇಬ್ಬರ ನಡುವಿನ ಅಂತರ 1.41 ಲಕ್ಷಕ್ಕೆ ಏರಿತು. ಒಂದು ಮತದಿಂದ ರಾಜಕೀಯದಲ್ಲಿ ಉಳಿದ ಧ್ರುವನಾರಾಯಣ ಸಂಸದರಾಗಿ ಹತ್ತು ವರ್ಷ ಪೂರೈಸಿದರು. 2019ರಲ್ಲಿ ವಿ. ಶ್ರೀನಿವಾಸ ಪ್ರಸಾದ್ ಅವರೆದುರು ಅವರು ಸೋತದ್ದು 1,817 ಮತಗಳಿಂದ. ಲೋಕಸಭೆಯ ಅಳತೆಯಲ್ಲಿ ಅದೂ ಕೂದಲೆಳೆಯ ಅಂತರವೇ. 2023ರ ಮಾರ್ಚ್ 11ರಂದು ಅವರು ನಿಧನರಾದರು. ಕೃಷ್ಣಮೂರ್ತಿ ಕಾಂಗ್ರೆಸ್ ಸೇರಿ 2018ರಲ್ಲಿ ಕೊಳ್ಳೇಗಾಲದಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಅವರಿಗೆ ಸೋತರು. 2023ರಲ್ಲಿ ಅದೇ ಮಹೇಶ್ ಬಿಜೆಪಿ ಅಭ್ಯರ್ಥಿಯಾಗಿದ್ದಾಗ 59 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಒಂದು ಮತದಿಂದ ಸೋತವರು ಹತ್ತೊಂಬತ್ತು ವರ್ಷಗಳ ನಂತರ ವಿಧಾನಸಭೆಗೆ ಬಂದರು. ಆದರೆ ಸೋತ ಕ್ಷೇತ್ರಕ್ಕೆ ಹಿಂತಿರುಗಿ ಗೆಲ್ಲುವ ಅವಕಾಶ ಅವರಿಗಿರಲಿಲ್ಲ. ಕ್ಷೇತ್ರವೇ ಇರಲಿಲ್ಲ.

ಹಳೆಯ ನಕಾಶೆ, ಹೊಸ ಜನ

ಕ್ಷೇತ್ರ ಏಕೆ ಹೋಯಿತು ಎಂಬುದು ಗುಣಾಕಾರ ಭಾಗಾಕಾರ ಬಲ್ಲ ಯಾರಿಗಾದರೂ ಅರ್ಥವಾಗುವ ಲೆಕ್ಕ. 1978ರಿಂದ 2004ರವರೆಗೆ ಕರ್ನಾಟಕದ ಚುನಾವಣೆಗಳು ನಡೆದದ್ದು 1971ರ ಜನಗಣತಿಯನ್ನು ಆಧರಿಸಿದ ಗಡಿಗಳ ಮೇಲೆ. ಆಗ ರಾಜ್ಯದ ಜನಸಂಖ್ಯೆ 2.93 ಕೋಟಿ, 224 ಕ್ಷೇತ್ರಗಳಿಗೆ ಹಂಚಿದರೆ ತಲಾ ಸುಮಾರು 1.31 ಲಕ್ಷ. 1976ರ 42ನೇ ತಿದ್ದುಪಡಿ ಕ್ಷೇತ್ರಗಳ ಮರುಹೊಂದಾಣಿಕೆಯನ್ನು ಸ್ಥಗಿತಗೊಳಿಸಿತು. ಗಡಿಗಳು ನಿಂತಲ್ಲೇ ನಿಂತವು, ಜನ ನಿಲ್ಲಲಿಲ್ಲ. ಬೆಂಗಳೂರು ನಾಲ್ಕೂ ದಿಕ್ಕಿಗೆ ಬೆಳೆಯಿತು. ನಗರದ ಅಂಚಿನ ಉತ್ತರಹಳ್ಳಿ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದೆಂದು ಹೆಸರಾಯಿತು. ಅಲ್ಲಿನ ಹಲವು ಮತದಾರರು ಸೇರಿ ಚಲಾಯಿಸುತ್ತಿದ್ದ ಪ್ರಭಾವವನ್ನು ಸಂತೇಮರಹಳ್ಳಿಯ ಒಬ್ಬ ಮತದಾರ ಚಲಾಯಿಸುತ್ತಿದ್ದ. ಒಂದು ಮತ ಅತ್ಯಂತ ತೂಕದ್ದೆಂದು ತೋರಿಸಿಕೊಟ್ಟ ಆ ಚುನಾವಣೆ, ಮೂರು ದಶಕ ಹಳತಾದ ತಕ್ಕಡಿಯಲ್ಲಿ ತೂಗಿದ ಚುನಾವಣೆಯೂ ಆಗಿತ್ತು.

2002ರ ಪುನರ್‌ವಿಂಗಡಣಾ ಕಾಯ್ದೆಯಡಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ರಚನೆಯಾಯಿತು. 2003ರ 87ನೇ ತಿದ್ದುಪಡಿಯ ಫಲವಾಗಿ ಅದು ಆಧಾರವಾಗಿ ಬಳಸಿದ್ದು 2001ರ ಜನಗಣತಿಯನ್ನು. ಆಗ ರಾಜ್ಯದ ಜನಸಂಖ್ಯೆ 5.28 ಕೋಟಿ, ಒಂದು ಕ್ಷೇತ್ರಕ್ಕೆ ಸರಾಸರಿ 2.36 ಲಕ್ಷ. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 9.65 ಲಕ್ಷ. ಭಾಗಿಸಿದರೆ ನಾಲ್ಕಕ್ಕಿಂತ ಒಂದಿಷ್ಟು ಹೆಚ್ಚು. ಜಿಲ್ಲೆಯಲ್ಲಿದ್ದ ಕ್ಷೇತ್ರಗಳು ಐದು: ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು, ಸಂತೇಮರಹಳ್ಳಿ. ಒಂದು ಹೋಗಲೇಬೇಕಾಯಿತು. ಬೆಂಗಳೂರು ನಗರ ಜಿಲ್ಲೆಯ 65.37 ಲಕ್ಷವನ್ನು ಅದೇ ಸಂಖ್ಯೆಯಿಂದ ಭಾಗಿಸಿದರೆ 28 ಸಿಗುತ್ತದೆ. ಜಿಲ್ಲೆಗೆ ಸಿಕ್ಕಿದ್ದೂ 28 ಕ್ಷೇತ್ರ.

ಗಣಿತದಲ್ಲಿ ದೋಷವಿಲ್ಲ. ಒಬ್ಬ ವ್ಯಕ್ತಿ, ಒಂದು ಮತ, ಒಂದೇ ಮೌಲ್ಯ ಎಂಬ ತತ್ವವನ್ನು ಒಪ್ಪಿದವರು ಈ ಫಲಿತಾಂಶವನ್ನೂ ಒಪ್ಪಬೇಕು. ಆದರೆ ಗಣಿತದ ಹಿಂದೆ ಊರುಗಳಿವೆ. ಯಳಂದೂರು ಹಿಂದೆ ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಪುಟ್ಟ ತಾಲ್ಲೂಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳು ಇರುವುದು ಅಲ್ಲಿ. ಕೊಳ್ಳೇಗಾಲ 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಪ್ರದೇಶ. ಬೇರೆ ಬೇರೆ ಆಡಳಿತಗಳಲ್ಲಿ ಬೆಳೆದ ಈ ಎರಡು ಸೀಮೆಗಳು ಇಂದು ಒಬ್ಬನೇ ಶಾಸಕನ ಹಿಂದೆ ಓಡಾಡಬೇಕು. ರಾಜ್ಯದಲ್ಲಿ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳು 33ರಿಂದ 36ಕ್ಕೆ, ಪರಿಶಿಷ್ಟ ಪಂಗಡದವು 2ರಿಂದ 15ಕ್ಕೆ ಏರಿದ ಸಂದರ್ಭದಲ್ಲೇ ಚಾಮರಾಜನಗರ ಜಿಲ್ಲೆಯಲ್ಲಿ ಮೀಸಲು ಕ್ಷೇತ್ರಗಳು ಎರಡರಿಂದ ಒಂದಕ್ಕೆ ಇಳಿದವು. ದಲಿತ ಸಮುದಾಯಕ್ಕೆ ದೊಡ್ಡ ಸಂಖ್ಯಾಬಲವಿರುವ ಜಿಲ್ಲೆಗೆ ಇದು ಸಣ್ಣ ನಷ್ಟವಲ್ಲ.

ಸ್ಥಾನ ನಗರಕ್ಕೆ, ಮತ ಹಳ್ಳಿಗೆ

ಹೀಗೆ ನಗರಕ್ಕೆ ಬಂದ ಪ್ರಾತಿನಿಧ್ಯವನ್ನು ನಗರ ಏನು ಮಾಡಿತು? 2024ರ ಲೋಕಸಭಾ ಚುನಾವಣೆಯಲ್ಲಿ ಚಾಮರಾಜನಗರ ಕ್ಷೇತ್ರದಲ್ಲಿ ಶೇ 76ಕ್ಕೂ ಹೆಚ್ಚು ಮತದಾನವಾಯಿತು. ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರರಲ್ಲೂ ಅದು ಶೇ 53-54ರ ಆಸುಪಾಸಿನಲ್ಲಿ ನಿಂತಿತು. ಮುಕ್ಕಾಲು ಪಾಲು ಮತದಾರರು ಸಾಲಿನಲ್ಲಿ ನಿಲ್ಲುವ ಜಿಲ್ಲೆಯಿಂದ ಒಂದು ಸ್ಥಾನ ಹೋಯಿತು. ಅರ್ಧದಷ್ಟು ಮತದಾರರು ಮನೆಯಲ್ಲೇ ಉಳಿಯುವ ನಗರದ ಸ್ಥಾನಗಳು ಹೆಚ್ಚಿದವು. ಪ್ರಾತಿನಿಧ್ಯ ಜನಸಂಖ್ಯೆಗೆ ಸಿಗುತ್ತದೆಯೇ ಹೊರತು ಉತ್ಸಾಹಕ್ಕಲ್ಲ ಎಂಬುದು ಸರಿ. ಮಗು, ವಲಸಿಗ, ಮತ ಹಾಕದವ ಎಲ್ಲರೂ ಪ್ರಾತಿನಿಧ್ಯಕ್ಕೆ ಅರ್ಹರು. ಆದರೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗ ನಗರವಾಸಿಯಾದ ನನಗೆ ಸಮಾಧಾನವೆನಿಸುವುದಿಲ್ಲ.

ನಗರದ ಶೇಕಡಾವಾರು ಕಡಿಮೆಯಾಗಲು ಸೋಮಾರಿತನವೊಂದೇ ಕಾರಣವಲ್ಲ. ಬಾಡಿಗೆ ಮನೆ ಬದಲಿಸಿದವರ, ಊರು ಬಿಟ್ಟವರ, ತೀರಿಕೊಂಡವರ ಹೆಸರುಗಳು ಪಟ್ಟಿಯಲ್ಲಿ ವರ್ಷಗಟ್ಟಲೆ ಉಳಿದು ಛೇದವನ್ನು ಉಬ್ಬಿಸುತ್ತವೆ. ಮತದಾರರ ನೋಂದಣಿ ಅಧಿಕಾರಿಯಾಗಿದ್ದಾಗ ನಾನು ಕಂಡಂತೆ, ಹಳ್ಳಿಯಲ್ಲಿ ಯಾರು ಸತ್ತರು, ಯಾರು ಮದುವೆಯಾಗಿ ಹೋದರು ಎಂಬುದು ಮತಗಟ್ಟೆ ಮಟ್ಟದ ಅಧಿಕಾರಿಗೆ ಜಗಲಿಯಲ್ಲೇ ತಿಳಿಯುತ್ತಿತ್ತು. ನಗರದಲ್ಲಿ ಅದೇ ಅಧಿಕಾರಿ, ಸಾಮಾನ್ಯವಾಗಿ ಒಬ್ಬ ಶಾಲಾ ಶಿಕ್ಷಕಿಯೋ ಅಂಗನವಾಡಿ ಕಾರ್ಯಕರ್ತೆಯೋ, ವಸತಿ ಸಮುಚ್ಚಯದ ಗೇಟಿನಲ್ಲಿ ಕಾವಲುಗಾರನ ಅಪ್ಪಣೆಗೆ ಕಾಯಬೇಕಾಗುತ್ತದೆ. ಮತದಾರರ ಪಟ್ಟಿಯ ಮೇಲಿನ ವಿವಾದಗಳು ಇತ್ತೀಚೆಗೆ ರಾಷ್ಟ್ರಮಟ್ಟಕ್ಕೇರಿವೆ. 2025ರ ಆಗಸ್ಟ್‌ನಲ್ಲಿ ಲೋಕಸಭೆಯ ವಿರೋಧ ಪಕ್ಷದ ನಾಯಕರು ಬೆಂಗಳೂರಿನ ಮಹದೇವಪುರ ಕ್ಷೇತ್ರದ ಪಟ್ಟಿಯ ಬಗ್ಗೆ ಗಂಭೀರ ಆರೋಪಗಳನ್ನು ಮಾಡಿದರು. ಚುನಾವಣಾ ಆಯೋಗ ಅವನ್ನು ನಿರಾಕರಿಸಿತು. ಆ ವಿವಾದದಲ್ಲಿ ಯಾರು ಸರಿಯೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಗೇಟಿನಲ್ಲೇ ಹಿಂದಿರುಗಿದ ಶಿಕ್ಷಕಿ ತಯಾರಿಸುವ ಪಟ್ಟಿಯ ಬಗ್ಗೆ ಯಾವ ಪಕ್ಷಕ್ಕೂ ಪೂರ್ಣ ವಿಶ್ವಾಸ ಮೂಡಲಾರದು ಎಂಬುದನ್ನಷ್ಟೇ ಹೇಳಬಲ್ಲೆ.

ಇನ್ನೂ ಸೂಕ್ಷ್ಮವಾದ ಒಂದು ಅಂಶವಿದೆ. ಚಾಮರಾಜನಗರ, ಮಂಡ್ಯ, ರಾಯಚೂರು, ಕಲಬುರಗಿಗಳಿಂದ ದುಡಿಮೆಗಾಗಿ ಬಂದು ಬೆಂಗಳೂರಿನಲ್ಲಿ ನೆಲೆಸಿದವರನ್ನು ಜನಗಣತಿ ಬೆಂಗಳೂರಿನ ಲೆಕ್ಕಕ್ಕೆ ಸೇರಿಸುತ್ತದೆ. ಅವರಲ್ಲಿ ಅನೇಕರ ಹೆಸರು ಊರಿನ ಮತದಾರರ ಪಟ್ಟಿಯಲ್ಲೇ ಇರುತ್ತದೆ. ಚುನಾವಣೆಯ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣಕ್ಕೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ಅಂದರೆ, ಆ ಕಾರ್ಮಿಕನ ತಲೆಯೆಣಿಕೆಯಿಂದ ನಗರಕ್ಕೆ ಶಾಸಕ ಸ್ಥಾನ ಸಿಗುತ್ತದೆ. ಆದರೆ ಆ ಶಾಸಕನನ್ನು ಆರಿಸುವುದರಲ್ಲಿ ಅವನ ಪಾತ್ರವಿಲ್ಲ. ನಗರದ ನೀರು, ಚರಂಡಿ, ಬಾಡಿಗೆ, ಕೂಲಿ ಇವೆಲ್ಲ ಅವನ ದಿನನಿತ್ಯದ ಬದುಕು. ಅವುಗಳ ಬಗ್ಗೆ ಅವನ ಮಾತನ್ನು ಕೇಳಬೇಕಾದ ಒತ್ತಡ ನಗರದ ಶಾಸಕನಿಗಿಲ್ಲ. ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲೇ ನೋಂದಾಯಿಸಬೇಕು, ಮನೆಯ ಒಡೆತನ ಮಾತ್ರದಿಂದ ಹಕ್ಕು ಬರುವುದಿಲ್ಲ ಎಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. ಆದರೆ ಬಾಡಿಗೆ ಕರಾರೂ ಇಲ್ಲದ ಶೆಡ್ಡಿನಲ್ಲಿ ಬದುಕುವವನಿಗೆ ವಾಸಸ್ಥಳದ ಪುರಾವೆ ತರುವುದಕ್ಕಿಂತ ಊರಿನ ಬಸ್ಸು ಹತ್ತುವುದೇ ಸುಲಭ.

ಮುಂದಿನ ಗೆರೆ

ಇದೆಲ್ಲ ಹಳೆಯ ಕಥೆಯೆಂದು ಸುಮ್ಮನಿರುವಂತಿಲ್ಲ. 2001ರ 84ನೇ ತಿದ್ದುಪಡಿ ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಸ್ಥಿರವಾಗಿಟ್ಟಿತು. 2023ರ 106ನೇ ತಿದ್ದುಪಡಿ ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದರಷ್ಟು ಮಹಿಳಾ ಮೀಸಲಾತಿಯನ್ನು ಜನಗಣತಿ ಹಾಗೂ ಪುನರ್‌ವಿಂಗಡಣೆಗೇ ಗಂಟುಹಾಕಿತು. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆ ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1ನ್ನು ಗಣತಿಯ ಉಲ್ಲೇಖ ದಿನವೆಂದು ನಿಗದಿಪಡಿಸಿತು.

ಹೊಸ ಗಣತಿಯ ಅಂಕಿಗಳಿಗೆ ಕಾಯದೆ 2011ರ ಅಂಕಿಗಳಿಂದಲೇ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಊಹಿಸಬಹುದು. 2001 ಮತ್ತು 2011ರ ನಡುವೆ ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆಯಿತು. ಚಾಮರಾಜನಗರ ಶೇ 6ಕ್ಕಿಂತ ಕಡಿಮೆ. ಚಿಕ್ಕಮಗಳೂರಿನ ಜನಸಂಖ್ಯೆ ಇಳಿದೇ ಹೋಯಿತು. 2011ರ 6.11 ಕೋಟಿಯನ್ನು 224ರಿಂದ ಭಾಗಿಸಿದರೆ ಕ್ಷೇತ್ರವೊಂದಕ್ಕೆ 2.73 ಲಕ್ಷ. ಆ ಲೆಕ್ಕದಲ್ಲಿ ಬೆಂಗಳೂರು ನಗರ ಜಿಲ್ಲೆಗೆ 35 ಸ್ಥಾನ ಸಲ್ಲಬೇಕು. ಚಾಮರಾಜನಗರದ ಪಾಲು ನಾಲ್ಕಕ್ಕಿಂತ ಕೆಳಗಿಳಿಯುತ್ತದೆ. 2011ರ ನಂತರ ನಗರ ಬೆಳೆಯುವುದನ್ನು ನಿಲ್ಲಿಸಿಲ್ಲ. ಒಟ್ಟು ಸ್ಥಾನಗಳು 224ಕ್ಕೇ ನಿಂತರೆ ಬೆಂಗಳೂರಿಗೆ ಬರುವ ಪ್ರತಿ ಹೊಸ ಕ್ಷೇತ್ರದ ಹಿಂದೆ ಎಲ್ಲೋ ಒಂದು ಸಂತೇಮರಹಳ್ಳಿ ಅಳಿಯುತ್ತದೆ.

ಜನಸಂಖ್ಯೆ ನಿಯಂತ್ರಿಸಿದ ದಕ್ಷಿಣದ ರಾಜ್ಯಗಳು ಲೋಕಸಭಾ ಸ್ಥಾನ ಕಳೆದುಕೊಳ್ಳುವುದು ಅನ್ಯಾಯವೆಂದು ನಾವೆಲ್ಲ ದೆಹಲಿಯ ಮುಂದೆ ವಾದಿಸುತ್ತೇವೆ. ವಾದದಲ್ಲಿ ಹುರುಳಿದೆ. ಆದರೆ ಅದೇ ವಾದವನ್ನು ಚಾಮರಾಜನಗರ, ಮಂಡ್ಯ, ಹಾಸನ, ಕೊಡಗು, ಚಿಕ್ಕಮಗಳೂರುಗಳು ಬೆಂಗಳೂರಿನ ಮುಂದೆ ಇಟ್ಟರೆ ನಮ್ಮ ಉತ್ತರವೇನು? ರಾಜ್ಯದ ಹೊರಗೆ ಒಂದು ನ್ಯಾಯ, ಒಳಗೆ ಇನ್ನೊಂದು ನ್ಯಾಯ ಎಂದಾಗಬಾರದು. ಈ ಪ್ರಶ್ನೆಯನ್ನು ಕರ್ನಾಟಕದ ಪಕ್ಷಗಳು ಇದುವರೆಗೆ ಗಂಭೀರವಾಗಿ ಎತ್ತಿಕೊಂಡಂತೆ ಕಾಣುವುದಿಲ್ಲ.

ಕ್ಷೇತ್ರ ಪುನರ್‌ವಿಂಗಡಣೆ ಕೇವಲ ತಲೆಯೆಣಿಕೆ ಎಂದು ಕಾನೂನೂ ಹೇಳಿಲ್ಲ. ಭೌಗೋಳಿಕ ಲಕ್ಷಣ, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯ, ಜನರ ಅನುಕೂಲ ಇವನ್ನೂ ಗಮನಿಸಬೇಕೆಂದು 2002ರ ಕಾಯ್ದೆಯ 9ನೇ ಕಲಂ ಹೇಳಿತು. ಕಾಡು, ಬೆಟ್ಟಗಳಿಂದ ತುಂಬಿದ ಹನೂರಿನ ಶಾಸಕ ಮಲೆಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳನ್ನು ತಲುಪುವುದೂ, ಜಯನಗರದ ಶಾಸಕ ತಮ್ಮ ಬಡಾವಣೆಗಳನ್ನು ಸುತ್ತುವುದೂ ಒಂದೇ ಆಗದು. ಆ ಕಾಯ್ದೆಯಡಿ ಆಯೋಗ ತನ್ನ ಕರಡು ಪ್ರಸ್ತಾವವನ್ನು ರಾಜ್ಯಪತ್ರದಲ್ಲೂ ಪತ್ರಿಕೆಗಳಲ್ಲೂ ಪ್ರಕಟಿಸಿ, ಆಕ್ಷೇಪಗಳನ್ನು ಕರೆದು, ಬಹಿರಂಗ ಸಭೆಗಳಲ್ಲಿ ಆಲಿಸಬೇಕಿತ್ತು. ಆಯೋಗದ ಅಂತಿಮ ಆದೇಶಕ್ಕೆ ಕಾನೂನಿನ ಬಲವಿರುತ್ತದೆ. ಅಂತಹ ಆದೇಶ ಸ್ಪಷ್ಟವಾಗಿ ಸ್ವೇಚ್ಛೆಯದಾಗಿದ್ದರೆ ಸಾಂವಿಧಾನಿಕ ನ್ಯಾಯಾಲಯಗಳು ಪರಿಶೀಲಿಸಬಹುದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದ್ದರೂ, ಅದು ಕಟ್ಟಕಡೆಯ ಇಕ್ಕಟ್ಟಾದ ಬಾಗಿಲು. ಮಾತನಾಡಬೇಕಾದದ್ದು ಕರಡಿನ ಹಂತದಲ್ಲಿ. ಆ ಹಂತದಲ್ಲಿ ಅರ್ಜಿ ಹಿಡಿದು ಬರುವವರು ಬಹುಪಾಲು ಪಕ್ಷಗಳ ಮುಖಂಡರು, ಆಕಾಂಕ್ಷಿಗಳು. ತಮಗೆ ಅನುಕೂಲವಾದ ಹೋಬಳಿ ಯಾವ ಕಡೆ ಬೀಳಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿನ ನಿವೃತ್ತ ಶಿಕ್ಷಕರು, ವಕೀಲರು, ರೈತ ಸಂಘದವರು, ಸೋಲಿಗರ ಮುಖಂಡರು, ನಗರದ ನಿವಾಸಿ ಸಂಘಗಳು ಆ ಸಭಾಂಗಣದಲ್ಲಿ ಕುಳಿತರೆ ಗೆರೆ ಬೇರೆ ರೀತಿಯಲ್ಲಿ ಬಿದ್ದೀತು.

ಪಟ್ಟಿಯ ವಿಷಯದಲ್ಲಿ ಮಾಡಬೇಕಾದದ್ದು ಇನ್ನೂ ಸುಲಭ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನ ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಹದಿನೆಂಟು ತುಂಬಿದವರು ವರ್ಷವಿಡೀ ಕಾಯಬೇಕಿಲ್ಲ. ಹೊಸ ಹೆಸರಿಗೆ ನಮೂನೆ 6, ತೆಗೆಯಲು ನಮೂನೆ 7, ಮನೆ ಬದಲಿಸಿದವರಿಗೆ ನಮೂನೆ 8. ಮನೆಯಲ್ಲಿ ತೀರಿಕೊಂಡ ಹಿರಿಯರ ಹೆಸರನ್ನು ತೆಗೆಸುವುದು, ಬಾಡಿಗೆದಾರನಿಗೆ ವಾಸದ ಪುರಾವೆ ಬರೆದುಕೊಡುವುದು, ಗೇಟಿಗೆ ಬಂದ ಶಿಕ್ಷಕಿಯನ್ನು ಒಳಗೆ ಕರೆದು ಒಂದು ಲೋಟ ನೀರು ಕೊಟ್ಟು ಕೂರಿಸುವುದು ಇವು ಯಾವುವೂ ವೀರೋಚಿತ ಕಾರ್ಯಗಳಲ್ಲ. ಆದರೆ ಮತದ ಮೌಲ್ಯ ಉಳಿಯುವುದು ಇವುಗಳಿಂದಲೇ.

ಚಾಲಕನಿಗೆ ಅಂದು ಬಿಡುವು ಸಿಕ್ಕಿದ್ದರೆ ಎಂಬ ಪ್ರಶ್ನೆಯನ್ನು ನಾವು ಎರಡು ದಶಕಗಳಿಂದ ಕುತೂಹಲದಿಂದ ಕೇಳುತ್ತಿದ್ದೇವೆ. ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಸಂತೇಮರಹಳ್ಳಿಯ 81 ಸಾವಿರಕ್ಕೂ ಹೆಚ್ಚು ಮತದಾರರು ಇಬ್ಬರ ನಡುವೆ ಸಮಸಮವಾಗಿ ಹಂಚಿಹೋದ ಆ ಕ್ಷೇತ್ರವನ್ನು ಉಳಿಸಬೇಕೆ, ಅಳಿಸಬೇಕೆ, ಯಾರೊಂದಿಗೆ ಸೇರಿಸಬೇಕೆ ಎಂದು ತೀರ್ಮಾನವಾದಾಗ ಆ ಮತದಾರರಲ್ಲಿ ಎಷ್ಟು ಜನರನ್ನು ಯಾರು ಕೇಳಿದರು? ಮುಂದಿನ ಗೆರೆ ಎಳೆಯುವ ಆಯೋಗದ ಕರಡು ಪ್ರಕಟವಾಗುವ ದಿನ ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು.